ಮೂವತ್ತು ಕಿಲೋಮೀಟರ್ ದೂರವೋ, ಸಾವಿರದ ಏಳ್ನೂರು ಕಿಲೋಮೀಟರ್ ದೂರವೋ?

ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ಆಫೀಸಲ್ಲಿ ಊಟದ ಹೊತ್ತಿಗೆ ಒಬ್ಬ ಸಹೋದ್ಯೋಗಿ ನಗ್ತಾ ನಗ್ತಾನೇ ಕೇಳಿದ್ರು, "ಏನ್ ಸಾರ್, ನಿಮ್ಮ ಅಕ್ಕನ ಮಗಳು ಡೆಲ್ಲಿಗೆ ಫ್ಲೈಟಲ್ಲಿ ಹೋಗಿದ್ಲಂತೆ? ನಿಮ್ಮೋರೂ ವಿಮಾನದಲ್ಲಿ ಓಡಾಡೋ ಹಂಗಾದ್ರು. ಇನ್ನೂ ಯಾಕೆ ಮೀಸಲಾತಿ?" ಸುತ್ತ ಕೂತಿದ್ದ ನಾಲ್ಕು ಜನ ನಕ್ಕರು. ಕೇಳಿದವರು ಕೆಟ್ಟವರೇನಲ್ಲ. ಕಷ್ಟಕ್ಕೆ ಆಗೋರೇ. ಅವರಿಗೆ ಅಲ್ಲೇ ಎರಡು ಮಾತಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಈ ಪ್ರಶ್ನೆ ಅವರೊಬ್ಬರದ್ದಲ್ಲ, ದಿನಾ ಎಲ್ಲೋ ಒಂದು ಕಡೆ ನಮ್ಮಲ್ಲಿ ಯಾರಾದರೂ ಒಬ್ಬರು ಇದನ್ನ ಕೇಳಿಸ್ಕೊಳ್ತಾನೇ ಇರ್ತಾರೆ. ಅದಕ್ಕೇ ಲೆಕ್ಕ ಸಮೇತ ಬರೀತಾ ಇದ್ದೀನಿ. ನಾನು ಗುಮಾಸ್ತ, ನನಗೆ ಗೊತ್ತಿರೋದು ಲೆಕ್ಕವೇ.

ಮೊದಲು ವಿಮಾನದ ಲೆಕ್ಕ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ದೆಹಲಿ ವಿಮಾನ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರ್. ರೈಲಿನಲ್ಲಿ ಹೋದರೆ ಅದೇ ದಾರಿ ಸುಮಾರು 2,400 ಕಿಲೋಮೀಟರ್ ಆಗುತ್ತೆ. ರೈಲು ಗುಂತಕಲ್ಲು, ಸೊಲ್ಲಾಪುರ, ಭೋಪಾಲ್ ಅಂತ ಊರೂರು ಸುತ್ತಿ ಹೋಗಬೇಕು, ವಿಮಾನಕ್ಕೆ ಬೆಟ್ಟ, ಹೊಳೆ, ಊರು ಯಾವುದೂ ಅಡ್ಡ ಇಲ್ಲ. ಟಿಕೆಟ್ಟಿನ ಮೇಲೆ ಎರಡು ಗಂಟೆ ನಲವತ್ತೈದು ನಿಮಿಷ ಅಂತ ಇರುತ್ತೆ. ಅಷ್ಟೂ ಹೊತ್ತು ಹಾರಾಟ ಅಲ್ಲ. ಇಲ್ಲಿ ಗೇಟು ಬಿಟ್ಟ ಗಳಿಗೆಯಿಂದ ಅಲ್ಲಿ ಗೇಟಿಗೆ ಬಂದು ನಿಲ್ಲೋ ಗಳಿಗೆವರೆಗಿನ ಲೆಕ್ಕ ಅದು. ರನ್‌ವೇವರೆಗೆ ಉರುಳೋದು, ಸರದಿಗೆ ಕಾಯೋದು, ಇಳಿದ ಮೇಲೆ ಮತ್ತೆ ಉರುಳೋದು ಎಲ್ಲಾ ಸೇರಿರುತ್ತೆ.

ನಾನು ಜೀವನದಲ್ಲಿ ವಿಮಾನ ಹತ್ತಿದವನಲ್ಲ. ಇದೆಲ್ಲಾ ಹೇಗೆ ಗೊತ್ತು ಅಂದ್ರೆ, ಸಾಹೇಬರುಗಳ ಟಿ.ಎ. ಬಿಲ್ಲು ತಯಾರು ಮಾಡೋದು ನಾನೇ. ಹೊರಟ ಸ್ಥಳ, ಹೊರಟ ಹೊತ್ತು, ತಲುಪಿದ ಸ್ಥಳ, ತಲುಪಿದ ಹೊತ್ತು, ಪ್ರಯಾಣದ ವಿಧಾನ, ಕಿಲೋಮೀಟರ್ ಅಂತ ಕಾಲಂಗಳಿರ್ತವೆ. ಬೋರ್ಡಿಂಗ್ ಪಾಸ್ ಲಗತ್ತಿಸಬೇಕು. ಮನೆಯಿಂದ ವಿಮಾನ ನಿಲ್ದಾಣಕ್ಕೆ ಹೋದ ಕಾರಿನ ಬಾಡಿಗೆಗೂ ಅದರಲ್ಲಿ ಜಾಗ ಇದೆ. ನಮ್ಮ ದರ್ಜೆಯವರಿಗೆ ಬಸ್ಸು, ರೈಲು ಅಷ್ಟೆ, ಅದಿರಲಿ. ಅದೇ ಕಾಲಂಗಳಲ್ಲಿ ನನ್ನ ಅಕ್ಕನ ಮಗಳ ಪ್ರಯಾಣವನ್ನು ಬರೆದರೆ ಹೇಗಿರುತ್ತೆ ಅಂತ ನೋಡೋಣ.

ಹುಡುಗಿ ಎಂ.ಎಸ್ಸಿ. ಓದಿದ್ದಾಳೆ, ಕೆಮಿಸ್ಟ್ರಿ. ಅಕ್ಕನ ಮನೆ ಇರೋದು ಸುತ್ತೂರಿನ ಹತ್ತಿರದ ಒಂದು ಊರಿನ ಕೇರಿಯಲ್ಲಿ. ಅಕ್ಕ ನಾಟಿ, ಕಳೆ, ಕಟಾವು ಅಂತ ಕೂಲಿಗೆ ಹೋಗಿ ಓದಿಸಿದಳು. ಭಾವ ಇಲ್ಲ. ಆ ಮನೆಯಲ್ಲಿ ಡಿಗ್ರಿ ಕಂಡವಳು ಇವಳೇ ಮೊದಲು. ಕೇಂದ್ರ ಸರ್ಕಾರದ ಒಂದು ಸಂಸ್ಥೆಯ ಕೆಲಸಕ್ಕೆ ಅರ್ಜಿ ಹಾಕಿದ್ದಳು, ದೆಹಲಿಯಲ್ಲಿ ಸಂದರ್ಶನ ಅಂತ ಇ-ಮೇಲ್ ಬಂತು. ಸಂದರ್ಶನಕ್ಕೆ ಇನ್ನು ಆರೇ ದಿನ. ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಎರಡನೇ ದರ್ಜೆ ರೈಲಿನ ದರ ಕೊಡ್ತೀವಿ ಅಂತ ಅದರ ಕೆಳಗೆ ಸಣ್ಣಕ್ಷರದಲ್ಲಿತ್ತು. ಒಳ್ಳೆಯ ನಿಯಮವೇ, ಹಿಂದಿನವರು ಹೋರಾಡಿ ತಂದದ್ದು. ಆದರೆ ಆ ರೈಲು ಸಿಗಬೇಕಲ್ಲ. ದೆಹಲಿಗೆ ರೈಲಿನಲ್ಲಿ ನಲವತ್ತು ಗಂಟೆ ಹತ್ತಿರ ಆಗುತ್ತೆ. ರಿಸರ್ವೇಶನ್ ಅರವತ್ತು ದಿನ ಮುಂಚೆ ತೆಗೀತಾರೆ, ನಮಗೆ ಗೊತ್ತಾಗಿದ್ದು ಆರು ದಿನ ಮುಂಚೆ. ವೇಟಿಂಗ್ ಲಿಸ್ಟ್ ಎಂಬತ್ತು ದಾಟಿತ್ತು. ಸ್ಲೀಪರ್ ತತ್ಕಾಲ್ ಹನ್ನೊಂದು ಗಂಟೆಗೆ ತೆರೆಯುತ್ತೆ. ಸೈಬರ್ ಅಂಗಡಿಯಲ್ಲಿ ಕೂತು ಹೆಸರು, ವಯಸ್ಸು ತುಂಬೋಷ್ಟರಲ್ಲಿ ಅದೂ ಮುಗೀತು.

ಅಲ್ಲಿಗೆ ಉಳಿದಿದ್ದು ವಿಮಾನ ಒಂದೇ. ಎಂಟು ಸಾವಿರದ ಒಂಬೈನೂರು ರೂಪಾಯಿ. ಅಕ್ಕ ಸ್ತ್ರೀಶಕ್ತಿ ಸಂಘದಲ್ಲಿ ಐದು ಸಾವಿರ ಸಾಲ ತೆಗೆದಳು, ಉಳಿದದ್ದು ನಾನು ಹಾಕಿದೆ. ಆ ಸಾಲದ ವಾರದ ಕಂತು ಇವತ್ತಿಗೂ ಕಟ್ತಾ ಇದ್ದಾಳೆ. "ನಿಮ್ಮೋರೂ ಫ್ಲೈಟಲ್ಲಿ" ಅಂದ್ರಲ್ಲ, ಆ ಫ್ಲೈಟಿನ ಕಥೆ ಇದು. ಆಸೆಗೆ ಹತ್ತಿದ್ದಲ್ಲ, ಬೇರೆ ದಾರಿ ಇಲ್ಲದೆ ಹತ್ತಿದ್ದು.

ಈಗ ಹೊತ್ತಿನ ಲೆಕ್ಕ.

ಬೆಳಗ್ಗೆ 10.40ಕ್ಕೆ ಮನೆ ಬಿಟ್ಟಳು. ಅಕ್ಕ ಕೇಳಿದ್ಲು, "ಅಲ್ಲ ಕನಪ್ಪ, ಆಕಾಸ್ದಲ್ಲಿ ಹೋಗದು ಮೂರ್ ಗಂಟೆ ಅಂತೀರಿ, ಇಂಟರ್‌ವ್ಯೂ ನಾಳಕ್ಕೆ ಅಂತೀರಿ, ಇಷ್ಟೊತ್ತಿಗೇ ಯಾಕ ಹೊಂಡದು?" ಇಡೀ ಪ್ರಶ್ನೆ ಇರೋದು ಅಲ್ಲೇ. ಬಸ್ಸು ನಿಲ್ಲೋದು ಊರ ಮುಂದೆ, ಕೇರಿಯಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ಹನ್ನೊಂದು ಗಂಟೆ ಬಸ್ಸು ಬಂದಿದ್ದು 11.35ಕ್ಕೆ. ಅದನ್ನು ಬಿಟ್ಟರೆ ಮುಂದಿನದು ಮಧ್ಯಾಹ್ನಕ್ಕೆ, ಅದು ಬರುತ್ತೋ ಇಲ್ಲವೋ. ಅದಕ್ಕೇ ಬೇಗ ಹೊರಡಿಸಿದ್ದು. ಮೈಸೂರು ಸೇರಿದಾಗ 12.45. ಈ ದಾರಿ ಸುಮಾರು ಮೂವತ್ತು ಕಿಲೋಮೀಟರ್. ಹಿಡಿದ ಹೊತ್ತು ಎರಡು ಗಂಟೆ ಐದು ನಿಮಿಷ.

ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಾದು 1.30ಕ್ಕೆ ವಿಮಾನ ನಿಲ್ದಾಣದ ಬಸ್ಸು ಹತ್ತಿದಳು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಈ ಬಸ್ಸಿಗಿಲ್ಲ. ಊರಿಂದ ಮೈಸೂರಿಗೆ ಮಾತ್ರ ಬಿಟ್ಟಿ. ಅದೂ ನಮ್ಮ ಹೆಣ್ಣುಮಕ್ಕಳಿಗೆ ಸಣ್ಣದಲ್ಲ, 2023ರ ಜೂನ್‌ನಿಂದ ಎಷ್ಟು ಹುಡುಗಿಯರು ಕಾಲೇಜು ಬಿಡೋದು ತಪ್ಪಿದೆ ಅಂತ ಕೇರಿಗಳಲ್ಲಿ ಕೇಳಿ ನೋಡಿ. ಸಂಜೆ 5.50ಕ್ಕೆ ವಿಮಾನ ನಿಲ್ದಾಣ ತಲುಪಿದಳು. ವಿಮಾನ ರಾತ್ರಿ 8.30ಕ್ಕೆ. ದೆಹಲಿ ಮುಟ್ಟಿದ್ದು 11.15ಕ್ಕೆ. ಹೊರಗೆ ಬರೋ ಹೊತ್ತಿಗೆ ಹನ್ನೆರಡಕ್ಕೆ ಹತ್ತು ನಿಮಿಷ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ಇಪ್ಪತ್ತನಾಲ್ಕು ವರ್ಷದ ಹುಡುಗಿ ಒಬ್ಬಳೇ. ಕಮ್ಮಿ ದುಡ್ಡಿನ ಲಾಡ್ಜ್ ಹುಡುಕಿಕೊಂಡು ಹೋಗಬೇಡ, ಅಲ್ಲೇ ದೀಪದ ಬೆಳಕಲ್ಲಿ, ಜನ ಇರೋ ಕಡೆ ಕೂತ್ಕೋ ಮಗ ಅಂತ ನಾನೇ ಫೋನಲ್ಲಿ ಹೇಳಿದೆ. ಬೆಳಗ್ಗೆ ಮೊದಲ ಮೆಟ್ರೊ ಬರೋವರೆಗೆ ಒಂದು ಕುರ್ಚಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ಸಂದರ್ಶನದ ಜಾಗ ಸೇರಿದ್ದು 8.30ಕ್ಕೆ. ಅಲ್ಲೇ ಬಚ್ಚಲಲ್ಲಿ ಮುಖ ತೊಳೆದು, ಚೂಡಿದಾರ ಬದಲಾಯಿಸಿ, ಒಂಬತ್ತೂವರೆಗೆ ಬಾಗಿಲ ಮುಂದೆ ನಿಂತಳು.

ಕೂಡಿಸಿ ನೋಡಿ. ಮನೆಯಿಂದ ಸಂದರ್ಶನದ ಬಾಗಿಲಿಗೆ 21 ಗಂಟೆ 50 ನಿಮಿಷ. ಅದರಲ್ಲಿ ವಿಮಾನದ ಪಾಲು ಎರಡು ಮುಕ್ಕಾಲು ಗಂಟೆ, ಅಂದ್ರೆ ಎಂಟರಲ್ಲಿ ಒಂದು ಭಾಗ. 1,700 ಕಿಲೋಮೀಟರಿಗೆ 165 ನಿಮಿಷ, ಮೊದಲ ಮೂವತ್ತು ಕಿಲೋಮೀಟರಿಗೆ 125 ನಿಮಿಷ. ವ್ಯತ್ಯಾಸ ಬರೀ ನಲವತ್ತು ನಿಮಿಷ.

ಬಸ್ಸು ತಡ ಆದ್ರೆ ಊರಿನ ಎಲ್ಲರಿಗೂ ತಡವೇ, ಇದರಲ್ಲಿ ಜಾತಿ ಎಲ್ಲಿಂದ ಬಂತು ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಅದೇ ಊರಿನ ಜಮೀನುದಾರರ ಮಗನ ಲೆಕ್ಕ ಹಾಕೋಣ. ಅವನೂ ಅದೇ ವಿಮಾನಕ್ಕೆ ಹೋಗಬೇಕಿದ್ದರೆ ಮಧ್ಯಾಹ್ನ ಮನೆಯಲ್ಲಿ ಊಟ ಮಾಡಿ ಎರಡೂವರೆಗೆ ಮನೆಯ ಕಾರು ಹತ್ತುತ್ತಾನೆ. ದೆಹಲಿಯಲ್ಲಿ ಚಿಕ್ಕಪ್ಪನ ಮಗನೋ, ಕಾಲೇಜಿನ ಗೆಳೆಯನೋ ಇರ್ತಾನೆ. ಹನ್ನೆರಡೂವರೆಗೆ ಹಾಸಿಗೆ ಸಿಗುತ್ತೆ. ಹತ್ತು ಗಂಟೆಯ ಪ್ರಯಾಣ, ಆರು ಗಂಟೆ ನಿದ್ದೆ. ಒಂದೇ ಊರು, ಒಂದೇ ವಿಮಾನ, ಒಂದೇ ಟಿಕೆಟ್ ದರ. ಇವಳು ಮಾತ್ರ ಇಪ್ಪತ್ತೆರಡು ಗಂಟೆ ಕಳೆದು, ನಿದ್ದೆ ಇಲ್ಲದ ಕಣ್ಣಲ್ಲಿ ಅದೇ ಸಂದರ್ಶನಕ್ಕೆ ಕೂರಬೇಕು. ಕಾರು, ಜಮೀನು, ದೂರದೂರಿನಲ್ಲಿ ನೆಂಟರು, ಇವೆಲ್ಲಾ ಯಾರ ಮನೆಯಲ್ಲಿ ಎಷ್ಟು ತಲೆಮಾರಿಂದ ಇವೆ, ಯಾರ ಮನೆಗೆ ಯಾಕೆ ಬರಲಿಲ್ಲ ಅಂತ ಕೇಳ್ಕೊಂಡು ಹೋದ್ರೆ ಜಾತಿ ಎಲ್ಲಿಂದ ಬಂತು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಇನ್ನೊಂದು ಮಾತು ಅವಳೇ ಹೇಳಿದ್ದು. "ಮಾವ, ವಿಮಾನದಲ್ಲಿ ನನ್ನ ಪಕ್ಕ ಕೂತೋರು ಎರಡು ಮುಕ್ಕಾಲು ಗಂಟೆ ಒಂದು ಮಾತೂ ಕೇಳ್ಲಿಲ್ಲ. ಊರಿಂದ ಹೊಂಟ ಬಸ್ಸಲ್ಲಿ ಪಕ್ಕ ಕೂತಿದ್ದ ಅಮ್ಮ, ಯಾರ ಮಗಳವ್ವ, ಯಾವ ಬೀದಿ ಅಂದ್ರು. ಹೇಳ್ದೆ. ಮುಂದಿನ ಸ್ಟಾಪಲ್ಲಿ ಬೇರೆ ಸೀಟು ಖಾಲಿ ಆಯ್ತು, ಎದ್ದೋದ್ರು." ಯಾವ ಬೀದಿ ಅನ್ನೋ ಪ್ರಶ್ನೆಯ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದನ್ನ ಅವಳು ಅಳ್ತಾ ಹೇಳಲಿಲ್ಲ, ನಗ್ತಾನೇ ಹೇಳಿದ್ಲು. ಅಪ್ಪನ ಕಾಲದಲ್ಲಿ ಬಸ್ಸಲ್ಲಿ ಸೀಟು ಖಾಲಿ ಇದ್ದರೂ ನಮ್ಮೋರು ನಿಂತೇ ಬರ್ತಿದ್ರು. ಈಗ ನಾವು ಕೂರ್ತೀವಿ, ಅವರು ಏಳ್ತಾರೆ. ಅಷ್ಟು ಮುಂದೆ ಬಂದಿದ್ದೀವಿ ಅನ್ನಿ.

ಈಗ ಕೆಲವರು, ಇದಕ್ಕೇ ಅಲ್ವಾ ಮೈಸೂರಿಗೆ ವಿಮಾನ ನಿಲ್ದಾಣ ಬೇಕು ಅನ್ನೋದು ಅಂತಾರೆ. ನಿಲ್ದಾಣ ಇದೆಯಲ್ಲ. ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ, ನಾವು ದಿನಾ ಓಡಾಡೋ ದಾರಿ ಪಕ್ಕದಲ್ಲೇ. ರಾಜರ ಕಾಲದ ವಿಮಾನ ನಿಲ್ದಾಣ ಅದು. 2010ರಲ್ಲಿ ಹೊಸದಾಗಿ ಉದ್ಘಾಟನೆ ಆಯ್ತು. ಅವತ್ತಿಂದ ಎಷ್ಟು ಸೇವೆ ಶುರುವಾದವು, ಎಷ್ಟು ನಿಂತವು! ಮೊದಲು ಬೆಂಗಳೂರಿಗೆ ಕಿಂಗ್‌ಫಿಷರ್ ಬಂತು, ಹೋಯ್ತು. ಸ್ಪೈಸ್‌ಜೆಟ್ ಬಂತು, ಹೋಯ್ತು. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿಸಿತು. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಕೊಚ್ಚಿ, ಗೋವಾ ಅಂದಿತು. ರನ್‌ವೇ ಇರೋದು 1,740 ಮೀಟರ್. ಅಷ್ಟರಲ್ಲಿ ಎಪ್ಪತ್ತು ಎಪ್ಪತ್ತೆರಡು ಸೀಟಿನ ಎ.ಟಿ.ಆರ್. ಅನ್ನೋ ರೆಕ್ಕೆ ಫ್ಯಾನಿನ ವಿಮಾನ ಇಳಿಯುತ್ತೆ, ದೆಹಲಿಗೆ ಹೋಗೋ ದೊಡ್ಡ ವಿಮಾನ ಇಳಿಯಲ್ಲ. 2,750 ಮೀಟರಿಗೆ ಹಿಗ್ಗಿಸೋ ಯೋಜನೆ ಇದೆ, ಅದಕ್ಕೆ ಪಕ್ಕದ ಹೆದ್ದಾರಿ, ರೈಲು ಹಳಿ ಅಡ್ಡ ಇವೆ.

ಮೈಸೂರಿಂದ ಬೆಂಗಳೂರಿಗೆ ವಿಮಾನ ಅನ್ನೋದೇ ಒಂದು ತಮಾಷೆ ಲೆಕ್ಕ. ಎರಡು ನಿಲ್ದಾಣಗಳ ನಡುವೆ ಆಕಾಶಮಾರ್ಗ ಸುಮಾರು 155 ಕಿಲೋಮೀಟರ್. ಮೇಲೇರಿದ ಕೂಡಲೇ ಇಳಿಯೋ ಹೊತ್ತಾಗುತ್ತೆ. ಒಂದು ಗಂಟೆ ಮುಂಚೆ ಹೋಗಬೇಕು, ಇಳಿದ ಮೇಲೆ ದೇವನಹಳ್ಳಿ ಕಡೆಯಿಂದ ಊರೊಳಗೆ ಬರೋಕೆ ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ರೈಲೇ ಮೆಜೆಸ್ಟಿಕ್ ಮುಟ್ಟಿರುತ್ತೆ. ಮಂಡಕಳ್ಳಿಯಿಂದ ನೇರ ದೆಹಲಿಗೇ ವಿಮಾನ ಇದ್ದರೂ, ನಮ್ಮ ಕೇರಿಯಿಂದ ಮಂಡಕಳ್ಳಿ ಮುಟ್ಟೋಕೆ ಅದೇ ಹನ್ನೊಂದು ಗಂಟೆ ಬಸ್ಸಿಗೇ ಕಾಯಬೇಕಲ್ಲ?

ಉಡಾನ್ ಶುರುವಾದಾಗ ಹವಾಯಿ ಚಪ್ಪಲಿ ಹಾಕೋರೂ ವಿಮಾನ ಹತ್ತಬೇಕು ಅಂತ ಪ್ರಧಾನಿ ಹೇಳಿದ್ರು. ಒಂದು ಗಂಟೆಯ ಹಾರಾಟ, ಅಂದ್ರೆ ಸುಮಾರು 500 ಕಿಲೋಮೀಟರಿಗೆ 2,500 ರೂಪಾಯಿ ಮಿತಿ, ಅದೂ ವಿಮಾನದ ಅರ್ಧದಷ್ಟು ಸೀಟುಗಳಿಗೆ ಅಂತ ಯೋಜನೆ. ಆ ಮಾತು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ತಾತ. ಚಪ್ಪಲಿ ಕೇರಿಯ ಗಡಿವರೆಗೆ ಕಾಲಲ್ಲಿರುತ್ತಿತ್ತು. ಊರ ಬೀದಿಗೆ ಬಂದ ತಕ್ಷಣ ಕೈಗೆ ಬರುತ್ತಿತ್ತು. ಬೀದಿ ದಾಟಿದ ಮೇಲೆ ಮತ್ತೆ ಕಾಲಿಗೆ. ಇದು ನಮ್ಮ ಮನೆಯೊಂದರ ಕಥೆ ಅಲ್ಲ, ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನ ಹಿರಿಯರನ್ನ ಕೇಳಿ, ಹೇಳ್ತಾರೆ. ಚಪ್ಪಲಿ ಹಾಕಿ ವಿಮಾನ ಹತ್ತೋದು ದೊಡ್ಡದೇ. ಚಪ್ಪಲಿ ಹಾಕಿ ಊರ ಬೀದಿ ದಾಟೋಕೆ ನಮಗೆ ಎಷ್ಟು ವರ್ಷ ಬೇಕಾಯ್ತು ಅನ್ನೋದನ್ನೂ ಜೊತೆಗೆ ಬರೆದುಕೊಳ್ಳಬೇಕು.

ಹಾಗೇ ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ಬೆಂಗಳೂರು-ಮೈಸೂರು ಬರೀ 75 ನಿಮಿಷ ಅಂದ್ರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಮುಖ್ಯ ರಸ್ತೆಗೆ ಬರಬಾರದು ಅಂತಾಯ್ತು. ಅಪಘಾತ ತಪ್ಪಿಸೋಕೆ ಮಾಡಿದ್ದು, ಸಾವು ಬಹಳ ಆಗ್ತಿತ್ತು, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ 75 ನಿಮಿಷ ಅನ್ನೋದು ಕಾರಿರೋನ ನಿಮಿಷ. ಬೈಕಲ್ಲಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋನು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಒಂದೇ ಎರಡು ಊರುಗಳ ನಡುವೆ ಎಷ್ಟು ದೂರ ಅನ್ನೋದು ನೀನು ಯಾವುದರಲ್ಲಿ ಕೂತಿದ್ದೀಯ ಅನ್ನೋದರ ಮೇಲಿದೆ.

ಮಳೆಗಾಲದಲ್ಲಿ ಇದೇ ಮೂವತ್ತು ಕಿಲೋಮೀಟರ್ ಇನ್ನೂ ಬೆಳೆಯುತ್ತೆ. ಕಬಿನಿ ಜಲಾಶಯದಿಂದ ನೀರು ಜಾಸ್ತಿ ಬಿಟ್ಟರೆ ಕಪಿಲೆ ಉಕ್ಕಿ ಬರ್ತಾಳೆ. ಸುತ್ತೂರು ಸೇತುವೆ ಮೇಲೆ ನೀರು ಬಂದರೆ ಆ ದಡದವರು ಆ ಕಡೆ, ಈ ದಡದವರು ಈ ಕಡೆ. 2018, 2019ರಲ್ಲಿ ಮಲ್ಲನಮೂಲೆ ಹತ್ತಿರ ಮೈಸೂರು-ನಂಜನಗೂಡು ಹೆದ್ದಾರಿಯೇ ಮುಳುಗಿತ್ತು. ಅಂಥ ದಿನ ಸಂದರ್ಶನದ ಪತ್ರ ಬಂದಿದ್ದರೆ ಯಾವ ವಿಮಾನ ಇದ್ದು ಏನು?

ಮೊದಲ ಮೂವತ್ತು ಕಿಲೋಮೀಟರ್ ಅಂದಾಗೆಲ್ಲ ನನಗೆ ಬಾಬಾಸಾಹೇಬರ ಬಾಲ್ಯದ ಪ್ರಯಾಣ ನೆನಪಾಗುತ್ತೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. 1901, ಅವರಿಗೆ ಒಂಬತ್ತು ವರ್ಷದ ಆಸುಪಾಸು. ಅಪ್ಪ ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದರು. ಬೇಸಿಗೆ ರಜೆಗೆ ಬನ್ನಿ ಅಂತ ಕರೆದಿದ್ದರು. ಮಕ್ಕಳು ಹೊಸ ಬಟ್ಟೆ ಹಾಕ್ಕೊಂಡು ಸಾತಾರಾದಿಂದ ರೈಲು ಹತ್ತಿ ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿವರೆಗೆ ಎಲ್ಲಾ ಸರಿಯಾಗಿತ್ತು. ಇವರು ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡೆದು ಬರ್ತೀನಿ ಅಂದ. ಮೂರು ಗಂಟೆಯ ದಾರಿ ಅಂದಿದ್ದ. ಸಂಜೆ ಹೊರಟ ಮಕ್ಕಳು ಮಧ್ಯರಾತ್ರಿಗೆ ಸುಂಕದ ಕಟ್ಟೆ ಮುಟ್ಟಿದರು. ಬುತ್ತಿ ಇತ್ತು, ಕುಡಿಯೋಕೆ ನೀರು ಕೊಡೋರಿರಲಿಲ್ಲ. ಹಸಿದುಕೊಂಡೇ ಮಲಗಿದರು. ಕೋರೆಗಾಂವ್ ಸೇರಿದ್ದು ಮಾರನೇ ದಿನ ಹನ್ನೊಂದು ಗಂಟೆಗೆ.

ರೈಲಿನಲ್ಲಿ ಬಂದ ದೂರ ತೊಂದರೆ ಕೊಡಲಿಲ್ಲ. ತೊಂದರೆ ಶುರುವಾಗಿದ್ದು ಸ್ಟೇಷನ್ನಿಂದ ಆಚೆ. ಆಮೇಲೆ ಅದೇ ಹುಡುಗ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಹಡಗು ಹತ್ತಿ ವಾರಗಟ್ಟಲೆ ಸಮುದ್ರ ದಾಟಿ ನ್ಯೂಯಾರ್ಕ್ ಮುಟ್ಟಿದರು. ಕೊಲಂಬಿಯಾ, ಲಂಡನ್ ಎರಡೂ ಕಡೆ ದೊಡ್ಡ ಪದವಿ ತಗೊಂಡರು, ಬ್ಯಾರಿಸ್ಟರ್ ಆದರು. 1929ರಲ್ಲಿ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗ ಏನಾಯ್ತು? ಅಲ್ಲಿಂದ ಮಹಾರರ ಕೇರಿಗೆ ಕರೆದೊಯ್ಯೋಕೆ ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಟಾಂಗಾ ಹೊಡೆದು ಅಭ್ಯಾಸ ಇಲ್ಲದ ಕೇರಿಯ ಹುಡುಗನೊಬ್ಬ ಹೊಡೆದ. ಮೋರಿ ಹತ್ತಿರ ಟಾಂಗಾ ಮಗುಚಿ ಬಾಬಾಸಾಹೇಬರ ಕಾಲಿನ ಮೂಳೆ ಮುರಿಯಿತು. ಸಾವಿರಾರು ಮೈಲಿ ಸಮುದ್ರ ದಾಟಿ ಬಂದವರಿಗೆ ಸ್ಟೇಷನ್ನಿಂದ ಕೇರಿಗೆ ಹೋಗೋ ದಾರಿಯಲ್ಲಿ ಕಾಲು ಮುರೀತು!

ಬಾಬಾಸಾಹೇಬರೂ ವಿಮಾನ ಹತ್ತಿದ್ದಾರೆ. 1956ರ ಅಕ್ಟೋಬರ್‌ನಲ್ಲಿ ಧಮ್ಮದೀಕ್ಷೆಗೆ ದೆಹಲಿಯಿಂದ ನಾಗಪುರಕ್ಕೆ ಹೋದದ್ದು ವಿಮಾನದಲ್ಲೇ. ಸುಮಾರು 850 ಕಿಲೋಮೀಟರ್. ಎರಡು ತಿಂಗಳೂ ಕಳೀಲಿಲ್ಲ, ಡಿಸೆಂಬರ್ 6ರಂದು ದೆಹಲಿಯ ಮನೆಯಲ್ಲಿ ತೀರಿಕೊಂಡರು. ಅವತ್ತು ರಾತ್ರಿ ಅವರ ದೇಹವನ್ನು ವಿಮಾನದಲ್ಲಿ ಮುಂಬಯಿಗೆ ತಂದರು. ನಡುರಾತ್ರಿ ಕಳೆದ ಮೇಲೆ ಇಳಿದ ಆ ವಿಮಾನಕ್ಕೆ ಕಾಯ್ತಾ ಇದ್ದ ಜನರಲ್ಲಿ ವಿಮಾನ ಹತ್ತಿದವರು ಎಷ್ಟು ಜನ ಇದ್ದರೋ. ಬಾಬಾಸಾಹೇಬರು ವಿಮಾನದಲ್ಲಿ ಓಡಾಡ್ತಾರೆ, ಇನ್ನು ಇವರಿಗೆ ಮೀಸಲಾತಿ ಯಾಕೆ ಅಂತ ಅವತ್ತು ಯಾರಾದರೂ ಕೇಳಿದ್ದರೆ ಏನು ಅನ್ನಬೇಕಿತ್ತು? ಇವತ್ತು ಕೇಳೋರಿಗೂ ಅದೇ ಉತ್ತರ. ಒಬ್ಬ ಒಂದು ದಿನ ಯಾವುದರಲ್ಲಿ ಕೂತು ಹೋದ ಅನ್ನೋದರಿಂದ ಅವನ ಸಮಾಜ ಎಲ್ಲಿ ನಿಂತಿದೆ ಅಂತ ಅಳೆಯೋಕಾಗಲ್ಲ.

ಮೀಸಲಾತಿ ಇವಳಿಗೆ ವಿಮಾನದ ಟಿಕೆಟ್ ಕೊಡಲಿಲ್ಲ, ನಿದ್ದೆ ಕೊಡಲಿಲ್ಲ, ಹತ್ತು ಗಂಟೆಯ ದಾರಿಯನ್ನ ಇಪ್ಪತ್ತೆರಡು ಗಂಟೆಯಲ್ಲಿ ದಾಟಿದ್ದಕ್ಕೆ ಒಂದು ಅಂಕವನ್ನೂ ಕೊಡಲಿಲ್ಲ. ಬಾಗಿಲು ಮುಚ್ಚದ ಹಾಗೆ ಹಿಡಿದುಕೊಂಡಿತು, ಅಷ್ಟೆ. ಅಲ್ಲಿವರೆಗೆ ಅವಳೇ ನಡೆದುಕೊಂಡು ಹೋಗಬೇಕಿತ್ತು, ಹೋದಳು. ಅವಳ ಮುಂದೆ ಸರದಿಯಲ್ಲಿ ಇದ್ದ ಮೂವರು ದೆಹಲಿಯವರೇ. ಮನೆಯಲ್ಲಿ ತಿಂಡಿ ತಿಂದು ಮೆಟ್ರೊದಲ್ಲಿ ನಲವತ್ತು ನಿಮಿಷಕ್ಕೆ ಬಂದಿದ್ದರಂತೆ.

ಕೆಲಸ ಸಿಕ್ತಾ ಅಂತ ಕೇಳ್ತೀರಿ. ವೇಟಿಂಗ್ ಲಿಸ್ಟಿನಲ್ಲಿ ಎರಡನೇ ಹೆಸರು ಅವಳದು. ವಾಪಸ್ ಬರೋವಾಗ ತತ್ಕಾಲ್‌ನಲ್ಲಿ ರೈಲು ಸಿಕ್ತು. ನಲವತ್ತು ಗಂಟೆ ಕೂತು ಬಂದಳು. ಮತ್ತೆ ಅರ್ಜಿ ಹಾಕ್ತಾ ಇದ್ದಾಳೆ. ರೈಲು ದರ ಕೊಡ್ತೀವಿ ಅಂದಿದ್ದರಲ್ಲ, ಹೋಗುವಾಗ ರೈಲು ಟಿಕೆಟ್ ಇಲ್ಲದ ಕಾರಣ ಒಂದು ಕಡೆಯ ದರ ಮಾತ್ರ ಸಿಗುತ್ತೆ ಅಂದ್ರಂತೆ. ಅದಕ್ಕೆ ನಾನೇ ಅರ್ಜಿ ಬರೆದು ಕಳಿಸಿದ್ದೀನಿ. ಬಿಲ್ಲು ಬರೆಯೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು.

ಈಗ ಕೆಲಸದ ಮಾತಿಗೆ ಬರೋಣ.

ಸಂದರ್ಶನಕ್ಕೆ ಕರೆಯೋ ಸಂಸ್ಥೆಗಳು ಕಡೇಪಕ್ಷ ಒಂದು ತಿಂಗಳು ಮುಂಚೆ ತಿಳಿಸಬೇಕು. ಅಷ್ಟು ಆಗದಿದ್ದರೆ ನಮ್ಮ ಮಕ್ಕಳಿಗೆ ನಿಜವಾಗಿ ಖರ್ಚಾದ ದರ ಕೊಡಲಿ, ಇಲ್ಲಾ ಬೆಂಗಳೂರಲ್ಲೇ ವಿಡಿಯೋ ಮೂಲಕ ಸಂದರ್ಶನ ಮಾಡಲಿ. ಇದನ್ನ ನಮ್ಮ ಸಂಸದರಿಗೆ ಬರೆದು ಕೊಡೋಣ. ಮನವಿ ಪತ್ರ ತಯಾರಿದೆ, ಸಹಿ ಬೇಕು.

ಸಮಾಜ ಕಲ್ಯಾಣ ಇಲಾಖೆಯ ವತಿಯಿಂದ ಬೆಂಗಳೂರಲ್ಲೂ ದೆಹಲಿಯಲ್ಲೂ ಪರೀಕ್ಷೆ, ಸಂದರ್ಶನಕ್ಕೆ ಹೋಗೋ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಒಂದೆರಡು ರಾತ್ರಿ ಉಳಿಯೋಕೆ ಜಾಗ ಬೇಕು. ವಿದೇಶದಲ್ಲಿ ಓದೋರಿಗೆ ಪ್ರಬುದ್ಧ ಯೋಜನೆ ಕೊಟ್ಟ ಸರ್ಕಾರಕ್ಕೆ ಇದು ಭಾರಿ ಖರ್ಚಿನದ್ದಲ್ಲ.

ಬೆಳಗಿನ ಜಾವ ಹೊರಡೋ ಒಂದು ನೈಟ್ ಹಾಲ್ಟ್ ಬಸ್ಸು ನಮ್ಮ ಕಡೆಯ ಊರುಗಳಿಗೆ ಬೇಕು. ಅದು ಕೇರಿಯ ಹತ್ತಿರವೂ ಒಂದು ನಿಮಿಷ ನಿಲ್ಲಬೇಕು. ಸಂಘದಿಂದ ಎರಡು ಸಲ ಅರ್ಜಿ ಕೊಟ್ಟಿದ್ದೀವಿ. ಮೂರನೇ ಸಲ ಎಲ್ಲಾ ಊರಿನವರೂ ಸೇರಿ ಹೋಗೋಣ. ಬಸ್ಸು ಬಂದ್ರೆ ಊರಿನವರಿಗೂ ಅನುಕೂಲವೇ, ಅವರನ್ನೂ ಕರೆಯೋಣ.

ಕೊನೆಯದು ನಮ್ಮ ಹುಡುಗ ಹುಡುಗಿಯರಿಗೆ. ವಿಮಾನ ಅಂದ್ರೆ ಹೆದರಬೇಡಿ. ಆಧಾರ್‌ನಂಥ ಗುರುತಿನ ಚೀಟಿ ಮೂಲಪ್ರತಿ ಇರಲಿ. ಟಿಕೆಟ್ಟಿನ ಹೆಸರೂ ಚೀಟಿಯ ಹೆಸರೂ ಒಂದೇ ಇರಬೇಕು, ಅಪ್ಪನ ಹೆಸರಿನ ಮೊದಲಕ್ಷರ ಕೂಡ ನೋಡಿಕೊಳ್ಳಿ. ವೆಬ್ ಚೆಕ್-ಇನ್ ಹಿಂದಿನ ದಿನವೇ ಫೋನಲ್ಲಿ ಮಾಡಬಹುದು. ದುಡ್ಡು ಕೇಳೋ ಸೀಟು ಆರಿಸಬೇಡಿ, ಸುಮ್ಮನಿದ್ದರೆ ಯಾವುದೋ ಒಂದು ಸೀಟು ಕೊಟ್ಟೇ ಕೊಡ್ತಾರೆ. ಕೈಚೀಲ ಏಳು ಕೆ.ಜಿ. ಒಳಗಿರಲಿ. ಅವ್ವ ಕಟ್ಟಿಕೊಟ್ಟ ಉಪ್ಪಿನಕಾಯಿ, ಖಾರದ ಪುಡಿ ಕೈಚೀಲದಲ್ಲಿ ಬಿಡಲ್ಲ. ರೊಟ್ಟಿ, ಚಿತ್ರಾನ್ನ ಬಿಡ್ತಾರೆ, ತಗೊಂಡು ಹೋಗಿ, ಒಳಗೆ ಒಂದು ಟೀಗೆ ಇನ್ನೂರು ರೂಪಾಯಿ ಹೇಳ್ತಾರೆ. ಖಾಲಿ ಬಾಟ್ಲಿ ಒಯ್ದರೆ ತಪಾಸಣೆ ಆದ ಮೇಲೆ ಒಳಗಿನ ನಲ್ಲಿಯಲ್ಲಿ ನೀರು ತುಂಬಿಸಬಹುದು. ಅಲ್ಲಿ ಯಾವ ಬೀದಿ ಅಂತ ಯಾರೂ ಕೇಳಲ್ಲ, ಕುಡೀರಿ. ಗೇಟು ಹೊರಡೋಕೆ ಇಪ್ಪತ್ತೈದು ನಿಮಿಷ ಮುಂಚೆ ಮುಚ್ಚುತ್ತೆ, ಬೇಗನೇ ಹೋಗಿ ಗೇಟಿನ ಎದುರೇ ಕೂತಿರಿ. ಟಿಕೆಟ್ ಬುಕ್ ಮಾಡೋಕೆ ಬರದಿದ್ದರೆ ನನ್ನ ಇನ್‌ಬಾಕ್ಸಿಗೆ ಬನ್ನಿ, ರಾತ್ರಿ ಎಂಟರ ಮೇಲೆ ನಾನು ಮಾಡಿಕೊಡ್ತೀನಿ. ದೆಹಲಿ, ಹೈದರಾಬಾದ್, ಚೆನ್ನೈ ಕಡೆ ಇರೋ ನಮ್ಮ ಬಂಧುಗಳು, ಒಂದು ರಾತ್ರಿ ಒಂದು ಮಗುವಿಗೆ ಜಾಗ ಕೊಡೋಕಾದರೆ ಇಲ್ಲೇ ಕಾಮೆಂಟಿನಲ್ಲಿ ಊರಿನ ಹೆಸರು ಮಾತ್ರ ಹಾಕಿ, ಫೋನ್ ನಂಬರ್ ಹಾಕಬೇಡಿ. ನಾನೇ ಮಾತಾಡಿಸ್ತೀನಿ.

ಜೈ ಭೀಮ್.